ಹಿಟ್ಟು ಬಳಿದ ಎಲೆ

ಅಮೆರಿಕದ ನೈಋತ್ಯ ಭಾಗದಿಂದ ಮೆಕ್ಸಿಕೋ ದೇಶದ ವಾಯವ್ಯ ಭಾಗದವರೆಗೆ ಸೊನೋರಾ ಮರುಭೂಮಿ ಹಬ್ಬಿದೆ. ಚಳಿಗಾಲದ ಮಳೆ ಚೆನ್ನಾಗಿ ಬಿದ್ದ ವರ್ಷ ಅಲ್ಲಿನ ಕಲ್ಲುಬೆಟ್ಟಗಳ ಇಳಿಜಾರುಗಳು ಮಾರ್ಚ್ ತಿಂಗಳ ವೇಳೆಗೆ ಅರಿಸಿನ ಚೆಲ್ಲಿದಂತೆ ಹಳದಿಯಾಗುತ್ತವೆ. ಈ ಸೊಬಗಿಗೆ ಮುಖ್ಯ ಕಾರಣ ಸೊಂಟದೆತ್ತರದ ಒಂದು ಕಾಡುಪೊದೆ. ರೆಂಬೆಗಳು ಸುಲಭವಾಗಿ ಮುರಿಯುವುದರಿಂದ ಇಂಗ್ಲಿಷಿನಲ್ಲಿ ಅದು ‘ಬ್ರಿಟಲ್‌ಬುಷ್’. ಕಾಂಡದಿಂದ ಒಸರುವ ಅಂಟನ್ನು ಚರ್ಚುಗಳಲ್ಲಿ ಧೂಪವಾಗಿ ಉರಿಸುತ್ತಿದ್ದುದರಿಂದ ಸ್ಪ್ಯಾನಿಷಿನಲ್ಲಿ ‘ಇನ್ಸಿಯೆನ್ಸೊ’. ಸಸ್ಯಶಾಸ್ತ್ರಜ್ಞರಿಗೆ ಅದು ‘ಎನ್ಸೀಲಿಯ ಫ್ಯಾರಿನೋಸ’. ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳುಗಳೆಲ್ಲ ಇದರ ಕುಟುಂಬದವೇ.

‘ಫ್ಯಾರಿನೋಸ’ ಎಂದರೆ ಹಿಟ್ಟು ಬಳಿದಂತಹುದು. ಎಲೆಯನ್ನು ದಟ್ಟವಾಗಿ ಮುಸುಕಿದ ನವುರಾದ ಬಿಳಿಯ ರೋಮಗಳೇ ಆ ಹಿಟ್ಟು. ಅವು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಚೆಲ್ಲುವುದರಿಂದ ಎಲೆ ಹೆಚ್ಚು ಬಿಸಿಯಾಗುವುದಿಲ್ಲ, ನೀರೂ ಉಳಿಯುತ್ತದೆ. ಆದರೆ ಈ ರಕ್ಷಣೆ ಪುಕ್ಕಟೆಯಾಗಿ ದೊರೆತುದಲ್ಲ. ಬೆಳಕಿಲ್ಲದೆ ಗಿಡಕ್ಕೆ ಆಹಾರವಿಲ್ಲ. ಬೆಳಕನ್ನು ತಡೆದಷ್ಟೂ ಬೆಳವಣಿಗೆ ಕುಂದುತ್ತದೆ. ಆದುದರಿಂದ ಗಿಡವು ಕಾಲವನ್ನರಿತು ಎಲೆಯನ್ನೇ ಬದಲಿಸುತ್ತದೆ. ನೆಲದಲ್ಲಿ ತೇವವಿರುವಾಗ ಬರುವ ಅಗಲವಾದ ಹಸಿರೆಲೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹೀರಿದರೆ, ಬರಗಾಲದಲ್ಲಿ ಮೂಡುವ ಕಿರಿದಾದ ಬಿಳಿಯೆಲೆ ಸುಮಾರು 30 ಪಾಲನ್ನು ಮಾತ್ರ ಹೀರುತ್ತದೆ. ಬರ ಇನ್ನೂ ಬಿಗಿಯಾದರೆ ಎಲೆಗಳೆಲ್ಲ ಉದುರಿ ಬರಿಯ ಕಡ್ಡಿಗಳು ಉಳಿಯುತ್ತವೆ.

ಹೀಗೆ ಉದುರಿದ ಎಲೆಗಳ ಮೇಲೆ ಒಮ್ಮೆ ಕೊಲೆಯ ಆರೋಪವೇ ಬಂದಿತ್ತು! ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಮಳೆಗಾಲದ ಸಣ್ಣ ಸಸ್ಯಗಳು ಬರ್ರೋ ಪೊದೆಯ ಬುಡದಲ್ಲಿ ಗುಂಪುಗುಂಪಾಗಿ ಬೆಳೆಯುತ್ತವೆ. ಎನ್ಸೀಲಿಯದ ಬುಡದಲ್ಲಾದರೋ ಅವು ಬಲು ವಿರಳವೆಂದು ಫ್ರಿಟ್ಸ್ ವೆಂಟ್ ಎಂಬ ವಿಜ್ಞಾನಿ 1942ರಲ್ಲಿ ತಿಳಿಸಿದರು. 1948ರಲ್ಲಿ ಗ್ರೇ ಮತ್ತು ಬಾನರ್ ಎಂಬುವರು ಎನ್ಸೀಲಿಯದ ಎಲೆಯಿಂದ ವಿಷಪದಾರ್ಥವೊಂದನ್ನು ಬೇರ್ಪಡಿಸಿದರು. ಪ್ರಯೋಗದಲ್ಲಿ ಅದು ಟೊಮ್ಯಾಟೊ ಸಸಿಗಳ ಬೆಳವಣಿಗೆಯನ್ನು ಕುಂಠಿತಗೊಳಿಸಿತು. ನೀರಿಗಾಗಿ ನೆರೆಯವರನ್ನು ಕೊಲ್ಲುವ ಗಿಡ ಇದೆಂದು ನಂಬಲು ಇನ್ನೇನು ಬೇಕು?

ಆದರೆ ಮುಲ್ಲರ್ ಎಂಬ ವಿಜ್ಞಾನಿಗೆ ಅಷ್ಟು ಸಾಲದಾಯಿತು. ಅವರು ಸಸಿಗಳಿಗೆ ಆಶ್ರಯವೀಯುವ ಬರ್ರೋ ಪೊದೆಯ ಎಲೆಗಳನ್ನೂ ಪರೀಕ್ಷಿಸಿದರು. ಅವುಗಳಲ್ಲಿಯೂ ಅಂತಹುದೇ ವಿಷವಿತ್ತು! ಹಾಗಾದರೆ ವ್ಯತ್ಯಾಸವೆಲ್ಲಿಯದು? ಬರ್ರೋ ಪೊದೆಯ ಬುಡದಲ್ಲಿ ಕಡ್ಡಿಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಗಾಳಿ ತಂದ ಮಣ್ಣೂ ತರಗೂ ಅಲ್ಲಿ ಸಿಲುಕಿ, ಸಸಿಗಳಿಗೆ ಫಲವತ್ತಾದ ಮಡಿಲು ದೊರೆಯುತ್ತದೆ. ಎನ್ಸೀಲಿಯದ ಬುಡವಾದರೋ ತೆರವು. ಅಲ್ಲಿ ಬಿದ್ದುದನ್ನು ಗಾಳಿ ಗುಡಿಸಿಕೊಂಡು ಹೋಗುತ್ತದೆ. 1953ರಲ್ಲಿ ಮುಲ್ಲರ್ ಇದನ್ನು ಪ್ರಕಟಿಸಿದರು. ಎಲೆಯಲ್ಲಿ ವಿಷವಿದ್ದುದು ನಿಜ. ಬುಡ ಬರಿದಾಗಿದ್ದುದೂ ನಿಜ. ಒಂದು ಇನ್ನೊಂದಕ್ಕೆ ಕಾರಣವೆಂಬುದು ಮಾತ್ರ ಬೆಟ್ಟದ ಮೇಲೆ ನಿಲ್ಲಲಿಲ್ಲ.