ಭಾನುವಾರದ ಪಂಕ್ತಿ

ವಾರದ ಆರು ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಊಟವನ್ನು ಗಮನಿಸಿರಿ. ತಂದೆ ಬೆಳಗಿನ ಬಸ್ಸಿನ ವೇಳೆಗೆ ಎರಡು ತುತ್ತು ತಿಂದು ಅವಸರದಿಂದ ಹೊರಡುತ್ತಾನೆ. ಮಕ್ಕಳು ಬುತ್ತಿಯನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಓಡುತ್ತಾರೆ. ಎಲ್ಲರೂ ಹೋದ ಮೇಲೆ ತಾಯಿ ಒಲೆಯ ಬಳಿಯೇ ನಿಂತು ಆರಿದ ತಿಂಡಿಯನ್ನು ತಿನ್ನುತ್ತಾಳೆ. ಆಕೆಯೂ ಹೊರಗೆ ದುಡಿಯುವವಳಾದರೆ ಅದಕ್ಕೂ ಬಿಡುವಿಲ್ಲ. ರಾತ್ರಿ ಎಲ್ಲರೂ ಒಂದೇ ಸೂರಿನ ಕೆಳಗೆ ಸೇರಿದರೂ ಒಬ್ಬರ ಕಣ್ಣು ದೂರದರ್ಶನದ ಮೇಲೆ, ಮತ್ತೊಬ್ಬರ ಕಣ್ಣು ಮೊಬೈಲಿನ ಮೇಲೆ. ಹೀಗೆ ಹಸಿವೇನೋ ತೀರುತ್ತದೆ. ಆದರೆ ಮನೆಯವರು ಒಬ್ಬರಿಗೊಬ್ಬರು ದೊರೆಯುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ನಮಗಿರುವ ಅವಕಾಶವೆಂದರೆ ವಾರದ ರಜೆ. ಅದು ತಾನಾಗಿಯೇ ಒದಗಿ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಂಬಾಯಿಯ ಬಟ್ಟೆಯ ಗಿರಣಿಗಳ ಕಾರ್ಮಿಕರಿಗೆ ನಿಶ್ಚಿತವಾದ ವಾರದ ಬಿಡುವು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬ ಕಾರ್ಮಿಕ ನಾಯಕರು 1884ರಲ್ಲಿ ಸಭೆಗಳನ್ನು ನಡೆಸಿ, ಭಾನುವಾರ ರಜೆ ಬೇಕೆಂದು ಸಾವಿರಾರು ಕಾರ್ಮಿಕರ ಮನವಿಯನ್ನು ಸಲ್ಲಿಸಿದರು. ಗಿರಣಿಯ ಮಾಲೀಕರು ಅದಕ್ಕೆ ಒಪ್ಪಿದ್ದು 1890ರಲ್ಲಿ. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೊಂದು ದಿನದ ಬಿಡುವನ್ನು ವಿಧಿಸಿತು. ಇಷ್ಟು ಶ್ರಮದಿಂದ ಗಳಿಸಿದ ದಿನವನ್ನು ಕೇವಲ ನಿದ್ರೆಯಲ್ಲಿಯೋ ಅಲೆದಾಟದಲ್ಲಿಯೋ ಕಳೆದುಬಿಡುವುದು ತರವೇ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಕೂಡಿಸಿದ್ದು ಅರ್ಥಪೂರ್ಣವಾಗಿದೆ. ಇವೆರಡನ್ನೂ ಅವಸರದಲ್ಲಿ ಕಲಿಯಲಾಗದು. ನಿಧಾನವಾಗಿ ಉಣ್ಣುವಾಗ ಮಗನ ಮುಖದಲ್ಲಿರುವ ಚಿಂತೆ ತಂದೆಗೆ ಕಾಣುತ್ತದೆ. ಅಜ್ಜಿಯ ಮಂಡಿನೋವು ಮೊಮ್ಮಗಳಿಗೆ ತಿಳಿಯುತ್ತದೆ. ಕರೆದು ಕೇಳಿದರೆ ಹೊರಬಾರದ ಎಷ್ಟೋ ಸಂಗತಿಗಳು ಎರಡನೆಯ ಬಾರಿ ಸಾರು ಬಡಿಸುವ ಹೊತ್ತಿಗೆ ತಾವಾಗಿಯೇ ಹೊರಬರುತ್ತವೆ.

ಈ ಒಡನಾಟ ಊಟಕ್ಕೆ ಕುಳಿತಾಗ ಮಾತ್ರ ಆರಂಭವಾಗಬೇಕೆಂದಿಲ್ಲ. ಅಡುಗೆಯ ಸಿದ್ಧತೆಯಲ್ಲಿಯೇ ಆರಂಭವಾಗಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಚಳಿಗಾಲವೆಂದರೆ ಸೊಗಡಿನ ಅವರೆಕಾಯಿಯ ಕಾಲ. ಹಿದುಕಿದ ಬೇಳೆಯ ಸಾರು ಆಗಿನ ಅಚ್ಚುಮೆಚ್ಚಿನ ಅಡುಗೆ. ಕಾಯಿಯನ್ನು ಸುಲಿದು, ಕಾಳನ್ನು ಕೆಲವು ಗಂಟೆಗಳ ಕಾಲ ನೀರಿನಲ್ಲಿ ನೆನೆಸಿ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಒಂದೊಂದನ್ನೇ ಹಿದುಕಬೇಕು. ಸಿಪ್ಪೆ ಬೆರಳಿನಲ್ಲಿ ಉಳಿದು ಬೇಳೆ ಪಾತ್ರೆಗೆ ಜಿಗಿಯುತ್ತದೆ. ಒಬ್ಬರೇ ಕುಳಿತರೆ ಇದು ಬೇಸರದ ಕೆಲಸ. ಮನೆಮಂದಿಯೆಲ್ಲ ಮೊರದ ಸುತ್ತ ಕುಳಿತರೆ ಅದೇ ಒಂದು ಸೊಗಸಾದ ಹರಟೆ. ಕೈಗಳು ಕೆಲಸದಲ್ಲಿರುವುದರಿಂದ ಮೊಬೈಲಿನ ನೆನಪೂ ಬರುವುದಿಲ್ಲ!

ಇಲ್ಲಿ ಒಂದು ಮುಖ್ಯವಾದ ಮಾತನ್ನು ಮರೆಯಬಾರದು. ಗಿರಣಿಗೆ ಬಂದ ಭಾನುವಾರ ನಮ್ಮ ಅಡುಗೆಮನೆಗೆ ಇನ್ನೂ ಬಂದಿಲ್ಲ. ಉತ್ತರ ಕರ್ನಾಟಕದ ಮನೆಯೊಂದರಲ್ಲಿ ಬಿಸಿ ರೊಟ್ಟಿ ಒಂದೊಂದಾಗಿ ತಟ್ಟೆಗೆ ಬೀಳುತ್ತಿದ್ದರೆ ಉಣ್ಣುವವರಿಗೆ ಅದೆಂಥ ಸುಖ! ಆದರೆ ಬೆಂಕಿಯ ಮುಂದೆ ಕುಳಿತು ರೊಟ್ಟಿ ಬಡಿಯುವವಳಿಗೆ ದೊರೆಯುವುದು ಕೊನೆಯ ಊಟ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಅಂಥ ಕೆಲಸ ಮಾಡುತ್ತಿದ್ದ ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷಗಳನ್ನು ಮಾತ್ರ. ರಜಾದಿನದಲ್ಲಿ ಎಲ್ಲರೂ ಮನೆಯಲ್ಲಿದ್ದು, ಬಗೆಬಗೆಯ ಅಡುಗೆ ಬೇಕೆಂದು ಕುಳಿತರೆ ತಾಯಿಯ ಹೊರೆ ಹಗುರವಾಗುವುದಿಲ್ಲ, ಹೆಚ್ಚುತ್ತದೆ. ಒಬ್ಬಳ ದಣಿವಿನ ಮೇಲೆ ಉಳಿದವರು ಪಡೆಯುವ ವಿರಾಮ ವಿರಾಮವೆನಿಸೀತೇ?

ಆದುದರಿಂದ ಕೂಡಿ ಉಣ್ಣುವುದರ ಮೊದಲ ನಿಯಮ ಕೂಡಿ ದುಡಿಯುವುದು. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ನೀರು ಇಡುವುದು, ಬಡಿಸುವುದು, ಪಾತ್ರೆ ತೊಳೆಯುವುದು—ಇವುಗಳಲ್ಲಿ ಹುಡುಗರ ಕೆಲಸ, ಹುಡುಗಿಯರ ಕೆಲಸ ಎಂಬ ಭೇದವಿಲ್ಲ. ಭೋಜನ ವೈಭವದ್ದಾಗಿರಬೇಕೆಂದೂ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಇದ್ದರೆ ಸಾಕು. ಬಸ್ಸಿನ ನಿರ್ವಾಹಕರು, ದಾದಿಯರು, ಪೊಲೀಸರು ಮುಂತಾದವರಿಗೆ ಭಾನುವಾರವೂ ಕೆಲಸವಿರುತ್ತದೆ. ಅಂಥ ಮನೆಗಳಲ್ಲಿ ಎಲ್ಲರೂ ಕೂಡುವ ಯಾವ ಹೊತ್ತಾದರೂ, ಅದು ಬುಧವಾರದ ರಾತ್ರಿಯೇ ಆಗಲಿ, ಅದೇ ಅವರ ಭಾನುವಾರ.

ಮುಂದಿನ ರಜಾದಿನದಂದು ನೀವೂ ಅಡುಗೆಮನೆಗೆ ಹೋಗಿ, ಮಾಡಲು ಏನು ಕೆಲಸವಿದೆಯೆಂದು ಕೇಳಿರಿ. ಎಲೆ ಹಾಕುವಾಗ ಮನೆಯಲ್ಲಿರುವವರನ್ನು ಎಣಿಸಿರಿ. ಅಡುಗೆ ಮಾಡಿದವರ ಎಲೆಯೂ ಪಂಕ್ತಿಯಲ್ಲಿದೆಯೇ ಎಂದು ನೋಡಿರಿ. ಅವರೂ ಬಂದು ಕುಳಿತ ಮೇಲೆಯೇ ಮೊದಲ ತುತ್ತನ್ನು ಎತ್ತಿರಿ.