ದನಿ ಕೇಳಿಸದಿದ್ದರೂ ಕೊಂಬೆ ಬಳ್ಳಿಯಲ್ಲೇ ಇದೆ

ಪ್ರಶ್ನೆ: ನನಗೆ 33 ವರ್ಷ. ಗದಗದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕುವೈತ್‌ನಲ್ಲಿ ಕೆಲಸ ಸಿಗುವ ಹಾಗಿದೆ. ತಿಂಗಳೊಳಗೆ ಉತ್ತರ ಕೊಡಿ ಎಂದು ಏಜೆಂಟ್ ಹೇಳಿದ್ದಾರೆ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿನೋವು. ಮೊದಲು ಕರ್ತನ ಚಿತ್ತ ತಿಳಿಯಲಿ ಎಂದು ಅವರಿಗೆ ಇನ್ನೂ ವಿಷಯ ಹೇಳಿಲ್ಲ. ಪ್ರಾರ್ಥನಾ ಗುಂಪಿನಲ್ಲಿ ಎಲ್ಲರೂ ‘ಕರ್ತನು ನನ್ನೊಡನೆ ಮಾತಾಡಿದನು’ ಎಂದು ಸಾಕ್ಷಿ ಹೇಳುತ್ತಾರೆ. ನಾನು ವಿಮಾನ ಹತ್ತುತ್ತಿರುವುದನ್ನು ಒಬ್ಬ ಅಕ್ಕ ಕನಸಿನಲ್ಲಿ ಕಂಡರಂತೆ. ಹೋಗಬಾರದೆಂದು ತನಗೆ ತೋರಿಬಂತು ಅಂತ ಇನ್ನೊಬ್ಬರು. ರಾತ್ರಿ ಪಾಳಿ ಮುಗಿಸಿ ಬಂದು ಪ್ರಾರ್ಥನೆಗೆ ಕೂತೆ, ಉಪವಾಸ ಮಾಡಿದೆ, ಬೈಬಲ್ ವಚನವಿರುವ ವಾಗ್ದಾನದ ಕಾರ್ಡ್ ತೆಗೆದು ನೋಡಿದೆ. ನನಗೆ ಮಾತ್ರ ಏನೂ ಕೇಳಿಸುತ್ತಿಲ್ಲ. ಕ್ರಿಸ್ತನು ನನ್ನೊಳಗೆ ಇಲ್ಲವೇ?

ಉತ್ತರ: ಪ್ರಿಯ ಸಹೋದರಿ, ಕುವೈತ್ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಕೊನೆಯ ಸಾಲು ಓದಿ ನನಗೆ ಸಂಕಟವಾಯಿತು. ದನಿ ಕೇಳಿಸಲಿಲ್ಲ, ಆದ್ದರಿಂದ ಕ್ರಿಸ್ತನು ನನ್ನಲ್ಲಿಲ್ಲ ಎಂದು ನೀವು ಲೆಕ್ಕ ಹಾಕಿದ್ದೀರಿ. ಈ ಲೆಕ್ಕ ತಪ್ಪು.

ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿಬಳ್ಳಿ, ಕೊಂಬೆಗಳ ಮಾತನ್ನು ಯೇಸು ಆಡಿದ್ದು ಕಡೆಯ ಭೋಜನದ ರಾತ್ರಿ. ಕೇಳಿಸಿಕೊಂಡ ಶಿಷ್ಯರು ಕೆಲವೇ ಗಂಟೆಗಳಲ್ಲಿ ಆತನನ್ನು ಬಿಟ್ಟು ಓಡಿಹೋಗುವವರಿದ್ದರು. ಅದು ಗೊತ್ತಿದ್ದೂ ಆತನು ಅವರಿಗೆ ‘ಕೊಂಬೆಗಳಾಗಲು ಪ್ರಯತ್ನಿಸಿ’ ಎನ್ನಲಿಲ್ಲ, ಕೊಂಬೆಗಳೆಂದೇ ಕರೆದನು. ನೆಲೆಗೊಂಡಿರಿ ಎಂಬ ಮಾತು ಅದರ ಜೊತೆಗೆ ಬರುತ್ತದೆ. ಬಳ್ಳಿಯಲ್ಲಿ ಈಗಾಗಲೇ ಇರುವ ಕೊಂಬೆಗೆ ತಾನೇ ‘ಅಲ್ಲೇ ಇರು’ ಎನ್ನುವುದು?

ಒಮ್ಮೆ ವಿಜಯಪುರದ ಹತ್ತಿರ ಒಂದು ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಎರಡು ದಿನವಾಗಿತ್ತು. ಒಂದು ಎಲೆಯೂ ಇಲ್ಲ. ತಂತಿಯ ಮೇಲೆ ಕಂದು ಕಡ್ಡಿಗಳನ್ನು ಕಟ್ಟಿಟ್ಟ ಹಾಗೆ ಕಾಣುತ್ತಿತ್ತು. ಬಗ್ಗಿ ನೋಡಿದರೆ, ಕತ್ತರಿ ಬಿದ್ದ ತುದಿಯಲ್ಲಿ ಒಂದು ಹನಿ ನೀರು. ಅದು ನಿಧಾನಕ್ಕೆ ದಪ್ಪವಾಗಿ ಕೆಳಗೆ ಬಿತ್ತು, ಅಲ್ಲೇ ಇನ್ನೊಂದು ಕೂಡಿತು. ‘ಬ್ಯಾರು ಕೆಲಸಾ ಮಾಡಾಕತ್ತೈತ್ರಿ’ ಎಂದರು ತೋಟದವರು. ಹಣ್ಣು ಕೈಗೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ನಿಮ್ಮ ಪತ್ರ ಓದುವಾಗ ನನಗೆ ಆ ಹನಿ ನೆನಪಾಯಿತು. ರಾತ್ರಿ ಪಾಳಿ ಮುಗಿಸಿ ಬಂದು, ಕಾಲು ಸೋತಿದ್ದರೂ ಪ್ರಾರ್ಥನೆಗೆ ಕೂರುತ್ತೀರಲ್ಲ, ಆ ಹಂಬಲ ಎಲ್ಲಿಂದ ಬರುತ್ತಿದೆ ಅಂದುಕೊಂಡಿದ್ದೀರಿ?

ಮದರ್ ತೆರೇಸಾ ಅವರಿಗೆ ದನಿ ಕೇಳಿಸಿತ್ತು. 1946ರ ಸೆಪ್ಟೆಂಬರ್‌ನಲ್ಲಿ ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಬಡವರ ನಡುವೆ ಹೋಗು ಎಂಬ ಕರೆ ಸ್ಪಷ್ಟವಾಗಿಯೇ ಬಂದಿತ್ತು. ಆಮೇಲೆ? ಸೇವೆ ಶುರುವಾದ ಮೇಲೆ ಒಳಗೆಲ್ಲ ಕತ್ತಲೆ, ದಶಕಗಟ್ಟಲೆ. ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜನ ಬೆರಗಾದರು. ಅಷ್ಟು ವರ್ಷ ಆ ತಾಯಿ ಕ್ರಿಸ್ತನಿಂದ ದೂರವಿದ್ದರು ಎಂದು ಹೇಳುವ ಧೈರ್ಯ ಯಾರಿಗಿದೆ? ನಿಮ್ಮ ಬಗ್ಗೆಯೂ ನೀವು ಹಾಗೆ ಹೇಳಿಕೊಳ್ಳಬೇಡಿ.

ಹಾಗಾದರೆ ಆತನು ಒಳಗಿಂದ ನಡೆಸುವುದು ಹೇಗೆ? ಇಲ್ಲಿ ನನಗೆ ಹೆಚ್ಚು ನೆರವಾದದ್ದು ಸಂತ ಇಗ್ನೇಷಿಯಸ್ ಲೊಯೋಲ ಅವರ ಬದುಕು. ಅವರು ಕಥೋಲಿಕರು, ನಿಮ್ಮ ಸಭೆ ಬೇರೆ, ಆದರೂ ಕೇಳಿ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಕಥೆಗಳು, ಅಷ್ಟೇ. ಮಲಗಿದಲ್ಲೇ ಹಗಲುಗನಸು. ಕೆಲವೊಮ್ಮೆ ಒಬ್ಬ ಕುಲೀನ ಸ್ತ್ರೀಯನ್ನು ಮೆಚ್ಚಿಸುವ ಸಾಹಸಗಳು, ಕೆಲವೊಮ್ಮೆ ಸಂತರ ಹಾಗೆ ಎಲ್ಲ ಬಿಟ್ಟು ಹೊರಡುವುದು. ಕನಸು ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಹೊತ್ತು ಕಳೆದರೂ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವರ ಗಮನಕ್ಕೆ ಬಂತು. ಮುಂದೆ ಅವರು ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ವಿವೇಚನೆಯ ಕುರಿತು ಹೇಳಿರುವುದರ ಮೂಲ ಅಲ್ಲಿದೆ. ಆ ಹಾಸಿಗೆಯಲ್ಲಿ ಅವರಿಗೆ ಮಾರ್ಗ ತೋರಿದ್ದು ಕಿವಿಗೆ ಬಿದ್ದ ದನಿಯಲ್ಲ, ಮನಸ್ಸಿನಲ್ಲಿ ಉಳಿದ ರುಚಿ.

ನೀವೂ ಹಾಗೆಯೇ ಮಾಡಿ. ಐದು ದಿನ, ಹೋಗುವುದೆಂದೇ ನಿಶ್ಚಯಿಸಿದವರ ಹಾಗೆ ಕ್ರಿಸ್ತನ ಮುಂದೆ ಬದುಕಿ. ಮುಂದಿನ ಐದು ದಿನ, ಇಲ್ಲೇ ಉಳಿಯುವವರ ಹಾಗೆ. ಪ್ರತಿ ರಾತ್ರಿ ಎರಡು ಸಾಲು ಬರೆದಿಡಿ: ಇವತ್ತು ಮನಸ್ಸಿನಲ್ಲಿ ಏನು ಉಳಿಯಿತು? ಪ್ರೀತಿ ಹೆಚ್ಚಿತೇ, ಭಯ ಹೆಚ್ಚಿತೇ? ನಿಮ್ಮ ವಾರ್ಡಿನ ಒಬ್ಬ ಜೂನಿಯರ್ ಹುಡುಗಿ ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದಿರಿ ಎಂದೂ ಯೋಚಿಸಿ. ಅಪರಿಚಿತರೊಬ್ಬರಿಗೆ ಸಲಹೆ ಕೊಡುತ್ತಿರುವಂತೆ ಭಾವಿಸಿ ನೋಡುವುದು ಇಗ್ನೇಷಿಯಸರೇ ಹೇಳಿಕೊಟ್ಟ ದಾರಿ. ಇನ್ನೊಂದು ಮಾತನ್ನು ಅವರು ಒತ್ತಿ ಹೇಳುತ್ತಾರೆ: ಮನಸ್ಸು ಕುಗ್ಗಿರುವಾಗ, ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಎರಡು ರಾತ್ರಿ ನಿದ್ದೆಗೆಟ್ಟ ಬೆಳಗ್ಗೆ ಏಜೆಂಟ್‌ಗೆ ಫೋನ್ ಮಾಡಲೇಬೇಡಿ.

ಅಕ್ಕನ ಕನಸಿನ ವಿಷಯ. ಅಕ್ಕನ ಪ್ರೀತಿ ನಿಜ. ಆದರೆ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ನೋಡಿ. ಪೌಲನು ಆಸ್ಯಕ್ಕೆ ಹೋಗಬೇಕೆಂದಾಗ ತಡೆ, ಬಿಥೂನ್ಯಕ್ಕೆ ಹೊರಟಾಗಲೂ ತಡೆ. ಎರಡು ಬಾಗಿಲು ಮುಚ್ಚಿದ ಮೇಲೆ ತ್ರೋವದಲ್ಲಿ ಮಕೆದೋನ್ಯದವನೊಬ್ಬನ ದರ್ಶನವಾಯಿತು. ದರ್ಶನ ಕಂಡವನು ಪೌಲನೊಬ್ಬನೇ. ಇದು ದೇವರ ಕರೆ ಎಂದು ನಿಶ್ಚಯಿಸಿದವರು ಮಾತ್ರ ‘ನಾವು’ ಎಂದು ಅಲ್ಲಿ ಬರೆದಿದೆ. ಅಪೊಸ್ತಲನ ದರ್ಶನವನ್ನೂ ಜೊತೆಯವರು ಕೂಡಿ ತೂಗಿ ನೋಡಿದರು. ಅಂದ ಮೇಲೆ ಒಬ್ಬರ ಕನಸು ಇನ್ನೊಬ್ಬರ ಮೇಲೆ ಆಜ್ಞೆಯಾಗುವುದು ಹೇಗೆ? ಅದನ್ನು ನಿಮ್ಮ ಮೇಲೆ ಹೇರಿ ಹೆದರಿಸುವವರಿದ್ದರೆ ಗೌರವದಿಂದಲೇ ‘ಬೇಡ’ ಎನ್ನಿ. ಆ ಅಧ್ಯಾಯ ಮುಂದುವರಿದಂತೆ ಪೌಲನೂ ಜೊತೆಗಾರ ಸೀಲನೂ ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾರೆ, ಬೆನ್ನ ಮೇಲೆ ಪೆಟ್ಟು, ಕಾಲಿಗೆ ಕೋಳ. ದಾರಿ ಸರಿಯಾಗಿದ್ದರೂ ಅಲ್ಲಿ ಕಷ್ಟವಿತ್ತು. ನಾಳೆ ನಿಮಗೂ ಕಷ್ಟ ಬಂದರೆ, ಕರ್ತನ ಚಿತ್ತ ತಪ್ಪಿದೆ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಕೆಲಸದ ವಿಚಾರಣೆಯೂ ಪ್ರಾರ್ಥನೆಯ ಭಾಗವೇ. ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾರೆಯೇ, ನರ್ಸ್‌ಗಳನ್ನು ಕುವೈತ್‌ಗೆ ಕಳಿಸುವ ಅನುಮತಿ ಅವರಿಗಿದೆಯೇ ನೋಡಿ. ಸಂಬಳ, ರಜೆ, ಕರಾರಿನ ಅವಧಿ ಬರಹದಲ್ಲಿ ಕೇಳಿ. ಅಮ್ಮನಿಗೆ ಊಟ, ಮಾತ್ರೆ ಯಾರು ನೋಡುತ್ತಾರೆ ಎಂಬುದಕ್ಕೆ ಒಂದು ಹೆಸರು ಬೇಕು. ‘ದೇವರು ನೋಡಿಕೊಳ್ಳುತ್ತಾನೆ’ ಎಂದರೆ ಸಾಲದು. ಹತ್ತು ದಿನ ಕಳೆದ ಮೇಲೆ ನಿಮ್ಮ ಸಭಾಪಾಲಕರನ್ನೋ ನಂಬಿಕೆಯ ಹಿರಿಯರೊಬ್ಬರನ್ನೋ ಕಂಡು, ಬರೆದಿಟ್ಟದ್ದನ್ನು ತೋರಿಸಿ. ಆಮೇಲೆ ನಿರ್ಧಾರ ಮಾಡಿ. ಹೋದರೂ ಉಳಿದರೂ ಆತನಲ್ಲೇ ಇರುತ್ತೀರಿ. ತಪ್ಪು ಹೆಜ್ಜೆ ಇಟ್ಟರೆ ಬಳ್ಳಿ ನಿಮ್ಮನ್ನು ಉದುರಿಸಿಬಿಡುತ್ತದೆ ಎಂಬ ಹೆದರಿಕೆ ಬಿಡಿ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಈ ಸಂಜೆ ಡ್ಯೂಟಿಗೆ ಹೊರಡುವ ಮುನ್ನ ಅಮ್ಮನ ಹತ್ತಿರ ಕೂತು ಕುವೈತ್ ವಿಷಯ ಹೇಳಿ. ಇಡೀ ಪ್ರಾರ್ಥನಾ ಗುಂಪಿಗೆ ಗೊತ್ತಿರುವುದು ಅವರೊಬ್ಬರಿಗೇ ಗೊತ್ತಿಲ್ಲ.