ಶೆಟ್ಟಿ ಎಂಬ ಅಡ್ಡಹೆಸರು

ನಮ್ಮ ಉಚಿತ ವಾಚನಾಲಯದ ಹಾಜರಿ ಪುಸ್ತಕವನ್ನು ಕಳೆದ ತಿಂಗಳು ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಹಾಳೆಯಲ್ಲಿ ಶೆಟ್ಟಿ, ಶೆಟ್ಟರ, ಪಟ್ಟಣಶೆಟ್ಟಿ, ಶೆಟ್ಟಿಗಾರ ಎಂಬ ನಾಲ್ಕು ಅಡ್ಡಹೆಸರುಗಳು ಒಂದರ ಕೆಳಗೊಂದು ಬಂದಿದ್ದವು. ಐದನೆಯವನಿಗೆ ಅಡ್ಡಹೆಸರೇ ಇರಲಿಲ್ಲ. ಆದರೆ ಅವನ ಸ್ವಂತ ಹೆಸರೇ ಶೆಟ್ಟಿ ಎಂದು ಮುಗಿಯುತ್ತಿತ್ತು. ಐವರೂ ಒಂದೇ ಮೇಜಿನ ಸುತ್ತ ಕುಳಿತು ಪತ್ರಿಕೆ ಓದುವವರು. ಒಬ್ಬರು ಕಾರ್ಕಳದ ಕಡೆಯವರು, ಒಬ್ಬರು ಗದಗಿನವರು, ಒಬ್ಬರು ಬಾಗಲಕೋಟೆಯವರು, ಒಬ್ಬರು ಉಡುಪಿಯವರು. ಐದನೆಯವನದು ಚಾಮರಾಜನಗರದ ಹತ್ತಿರದ ಒಂದು ಹಳ್ಳಿ. ಜಾತಿಯಲ್ಲಾಗಲಿ, ಕಸುಬಿನಲ್ಲಾಗಲಿ ಒಬ್ಬರಿಗೊಬ್ಬರು ಸಂಬಂಧಿಗಳಲ್ಲ. ಮನೆಯ ಮಾತು ಕೂಡ ಎಲ್ಲರದೂ ಒಂದೇ ಅಲ್ಲ. ಹೀಗಿರುವಾಗ ಹೆಸರು ಮಾತ್ರ ಒಂದೇ ಬೇರಿನದು ಹೇಗಾಯಿತು?

ಇದನ್ನು ಕೇವಲ ಕುತೂಹಲಕ್ಕಾಗಿ ಕೇಳುತ್ತಿಲ್ಲ. ಆ ಐದನೆಯ ಹುಡುಗ ಠಾಣೆ-ಬೇಲಾಪುರ ರಸ್ತೆಯ ಒಂದು ಕಾರಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದನು. ಸೇರುವಾಗ ಅವನ ಅರ್ಜಿಯನ್ನು ತುಂಬಿದವರು, ಇಲ್ಲಿನ ಪದ್ಧತಿಯಂತೆ, ಅವನ ಹೆಸರನ್ನು ನಡುವೆ ಕತ್ತರಿಸಿ ಮೊದಲ ಅರ್ಧವನ್ನು ಹೆಸರಿನ ಮನೆಯಲ್ಲಿಯೂ, 'ಶೆಟ್ಟಿ'ಯನ್ನು ಅಡ್ಡಹೆಸರಿನ ಮನೆಯಲ್ಲಿಯೂ ಬರೆದರು. ಆಧಾರ್ ಚೀಟಿಯಲ್ಲಿ ಮಾತ್ರ ಅದು ಒಂದೇ ಪದ. ಊರಿನಲ್ಲಿ ಮಳೆಗೆ ಮನೆಯ ಗೋಡೆ ಬಿದ್ದಾಗ ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದನು. ಹೆಸರು ಹೊಂದುವುದಿಲ್ಲವೆಂದು ಅರ್ಜಿ ಹಿಂದಕ್ಕೆ ಬಂತು. "ನನ್ನ ಹೆಸರಿನಲ್ಲಿರುವ ಶೆಟ್ಟಿ ನನ್ನ ಮನೆತನವಲ್ಲ ಸಾರ್, ಅದು ನನ್ನ ಹೆಸರೇ" ಎಂದು ಅವನು ನಮ್ಮೆದುರು ಹೇಳಿದಾಗ, ಈ ಪದದ ಚರಿತ್ರೆಯನ್ನು ಸ್ವಲ್ಪ ನೋಡಬೇಕೆನಿಸಿತು.

ಮೂಲ ಪದ ಸಂಸ್ಕೃತದ 'ಶ್ರೇಷ್ಠಿನ್' ಎಂಬುದು. 'ಶ್ರೇಷ್ಠ' ಎಂದರೆ ಎಲ್ಲರಿಗಿಂತ ಮೇಲಾದವನು. 'ಶ್ರೇಷ್ಠಿ' ಎಂದರೆ ಒಂದು ಗುಂಪಿನ ಮುಂದಾಳು, ವಿಶೇಷವಾಗಿ ವರ್ತಕರ ಸಂಘದ ಯಜಮಾನ. ಪಾಲಿ ಮತ್ತು ಪ್ರಾಕೃತಗಳಲ್ಲಿ ಇದು 'ಸೆಟ್ಠಿ' ಆಯಿತು. ಸಾವತ್ಥಿ ನಗರದ ಅನಾಥಪಿಂಡಿಕನು ನೆಲದ ಮೇಲೆಲ್ಲ ನಾಣ್ಯ ಹಾಸಿ ಜೇತವನವನ್ನು ಕೊಂಡು ಬುದ್ಧನಿಗೆ ಅರ್ಪಿಸಿದ ಕಥೆಯನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದಾರೆ. ಅವನನ್ನು ಬೌದ್ಧ ಗ್ರಂಥಗಳು ಕರೆಯುವುದು ಸೆಟ್ಠಿ ಎಂದೇ. 'ಶ್ರ' ಸವೆದು 'ಸ' ಆಗುವುದನ್ನು ಹಿಂದಿಯ ಸಾವನ್ ತಿಂಗಳಲ್ಲಿ ಕಾಣಬಹುದು; ಅದು ನಮ್ಮ ಶ್ರಾವಣವೇ. 'ಷ್ಠ' ಸವೆದು 'ಟ್ಟ' ಆಗುವುದಕ್ಕೆ ಕನ್ನಡದ 'ಜೆಟ್ಟಿ'ಯೇ ಸಾಕ್ಷಿ: ಜ್ಯೇಷ್ಠಿಯಿಂದ ಜೆಟ್ಟಿ ಬಂದಂತೆಯೇ ಶ್ರೇಷ್ಠಿಯಿಂದ ಸೆಟ್ಟಿ ಬಂದಿತು. ಹಳೆಯ ಶಾಸನಗಳಲ್ಲಿ 'ಸೆಟ್ಟಿ' ಎಂದೇ ಇದೆ. 'ಸ'ಕಾರವು 'ಶ'ಕಾರವಾದದ್ದು ಆಮೇಲಿನ ಮಾತು. ಹಳೆ ಮೈಸೂರಿನ ಕಡೆ ಇಂಗ್ಲಿಷಿನಲ್ಲಿ ಇಂದಿಗೂ ಎಚ್ ಅಕ್ಷರವಿಲ್ಲದೆ ಬರೆಯುವ ಮನೆಗಳುಂಟು. ಅದು ತಪ್ಪು ಬರವಣಿಗೆಯಲ್ಲ, ಹಳೆಯ ಉಚ್ಚಾರಣೆಯ ನೆನಪು.

ಕನ್ನಡ ನಾಡಿನಲ್ಲಿ ಈ ಪದಕ್ಕೆ ಗೌರವ ತಂದವರು ಅಯ್ಯಾವೊಳೆ ಐನೂರ್ವರು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ಈ ವರ್ತಕ ಸಂಘವು ಕತ್ತೆ, ಕೋಣಗಳ ಮೇಲೆ ಹೇರು ಹೇರಿಕೊಂಡು ದಕ್ಷಿಣವನ್ನೆಲ್ಲ ಸುತ್ತಿತು; ಸಮುದ್ರವನ್ನೂ ದಾಟಿತು. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ೧೦೮೮ರ ತಮಿಳು ಶಾಸನವೊಂದು ಈ ಐನೂರ್ವರ ಹೆಸರನ್ನು ಹೇಳುತ್ತದೆ. ಊರು ಬಿಟ್ಟು ಹೊಟ್ಟೆಪಾಡಿಗೆ ಹೊರಟವರಲ್ಲಿ ನಾವೇನೂ ಮೊದಲಿಗರಲ್ಲ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಸಂಘದಲ್ಲಿದ್ದ ನಾನಾ ಬಗೆಯ ಜನರನ್ನು ಶಾಸನಗಳು ಎಣಿಸುವಾಗ ಗವರೆ, ಗಾತ್ರಿಗ ಮೊದಲಾದವರ ಜೊತೆಗೆ ಸೆಟ್ಟಿಯೂ ಬರುತ್ತಾನೆ.

ಪಟ್ಟಣಶೆಟ್ಟಿಯ ಹೆಸರು ಇನ್ನೂ ಸ್ವಾರಸ್ಯದ್ದು. ಹಿಂದೆ ಪೇಟೆಯೊಂದನ್ನು ಕಟ್ಟಿ, ಸಂತೆ ಕೂಡಿಸಿ, ಸುಂಕ ಮತ್ತು ಅಳತೆಗಳ ವ್ಯವಸ್ಥೆ ನೋಡುತ್ತಿದ್ದ ಮುಖ್ಯ ವರ್ತಕನನ್ನು ಪಟ್ಟಣಸ್ವಾಮಿ ಅಥವಾ ಪಟ್ಟಣಸೆಟ್ಟಿ ಎನ್ನುತ್ತಿದ್ದರು. ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ ೧೧ನೆಯ ಶತಮಾನದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಎಂಬವನು ಬಸದಿಯನ್ನು ಕಟ್ಟಿಸಿದ್ದಾನೆ. ಸಂತೆ ಕೂಡಿಸಿದವನಿಗೆ ಭೂಮಿಯನ್ನು ಮಾನ್ಯವಾಗಿ ಕೊಡುವ ರೂಢಿಯೂ ಇತ್ತು. "ಶೆಟ್ಟಿ ಬಿಟ್ಟಲ್ಲಿ ಪಟ್ಟಣ" ಎಂಬ ಗಾದೆಯನ್ನು ನಾವು ಅರ್ಧ ಹಾಸ್ಯಕ್ಕೆ ಹೇಳುತ್ತೇವೆ. ಒಂದು ಕಾಲಕ್ಕೆ ಅದು ಅಕ್ಷರಶಃ ನಿಜ. ಅವನು ಹೇರು ಇಳಿಸಿದಲ್ಲಿ ಸಂತೆ, ಸಂತೆ ನಿಂತಲ್ಲಿ ಪೇಟೆ.

ಇನ್ನು ಶೆಟ್ಟರ. ಉತ್ತರ ಕರ್ನಾಟಕದಲ್ಲಿ "ಯಾರ ಪೈಕಿ?" ಎಂದು ಕೇಳಿದರೆ "ಗೌಡರ ಪೈಕಿ, ಶೆಟ್ಟರ ಪೈಕಿ" ಎಂದು ಉತ್ತರ ಬರುತ್ತದೆ. ಈ ಉತ್ತರವೇ ಗಟ್ಟಿಯಾಗಿ ಅಡ್ಡಹೆಸರಾಯಿತು. ಕೊನೆಯ 'ರ'ಕಾರದಲ್ಲಿ ಗೌರವದ ಬಹುವಚನವೂ ಇದೆ, ಸಂಬಂಧದ ಸೂಚನೆಯೂ ಇದೆ. ಲಿಂಗಾಯತ ವರ್ತಕ ಮನೆತನಗಳಲ್ಲಿ ಈ ರೂಪ ಹೆಚ್ಚು. ೨೦೧೨-೧೩ರಲ್ಲಿ ಮುಖ್ಯಮಂತ್ರಿಗಳಾಗಿದ್ದ ಜಗದೀಶ ಶೆಟ್ಟರರ ಹೆಸರಿನಿಂದ ಇದು ನಾಡಿಗೆಲ್ಲ ಪರಿಚಿತವಾಯಿತು. ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳದ ರೈತ ಮುಖಂಡ ರಾಜು ಶೆಟ್ಟಿಯವರು ಜೈನರು. ಮುಂಬಯಿಯ ಪತ್ರಿಕೆಗಳಲ್ಲಿ ಅವರ ಹೆಸರನ್ನು ಓದಿ 'ಇವರು ನಮ್ಮ ಮಂಗಳೂರಿನವರು' ಎಂದು ಹೆಮ್ಮೆಪಟ್ಟವರನ್ನು ನಾವು ಬಲ್ಲೆವು! ಶೆಟ್ಟಿಗಾರರು ಕರಾವಳಿಯ ಪದ್ಮಶಾಲಿ ನೇಕಾರರು. ಉತ್ತರ ಕನ್ನಡ ಮತ್ತು ಗೋವೆಯ ದೈವಜ್ಞ ಅಕ್ಕಸಾಲಿಗರಲ್ಲಿ ಪದವು ಇನ್ನೂ ಸವೆದು 'ಶೇಟ್' ಆಗಿದೆ.

ಮುಂಬಯಿಯಲ್ಲಿ ಮಾತ್ರ ಶೆಟ್ಟಿಯೆಂದರೆ ತುಳುನಾಡಿನ ಬಂಟರು ಎಂದೇ ಲೆಕ್ಕ. ಇದಕ್ಕೆ ಕಾರಣವಿಲ್ಲದಿಲ್ಲ. ಹೋಟೆಲಿನಿಂದ ಸಿನಿಮಾದವರೆಗೆ ಈ ಹೆಸರನ್ನು ಬೆಳಗಿಸಿದವರು ಅವರು. ೨೦೨೨ರ 'ಕಾಂತಾರ'ದಿಂದ ಕುಂದಾಪುರದ ರಿಷಭ್ ಶೆಟ್ಟಿಯವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದೆ. ಆದರೂ ಉಡುಪಿ ಹೋಟೆಲಿನ ಯಜಮಾನರೆಲ್ಲ ಶೆಟ್ಟಿಗಳೆಂದು ತಿಳಿಯುವುದು ಸರಿಯಲ್ಲ. ಮಾಟುಂಗದಲ್ಲಿ ೧೯೪೨ರಲ್ಲಿ ಊಟದ ಮನೆಯನ್ನು ತೆರೆದು ಹೆಸರು ಮಾಡಿದವರು ರಾಮ ನಾಯಕರು.

ಬಂಟರು ಮೊದಲಿನಿಂದ ಭೂಮಿಯನ್ನು ಹಿಡಿದವರು, ಆಯುಧ ಹಿಡಿದವರು. ಅವರಲ್ಲಿ ಶೆಟ್ಟಿಯ ಜೊತೆಗೆ ರೈ, ಹೆಗ್ಡೆ, ಆಳ್ವ, ಚೌಟ, ಬಲ್ಲಾಳ, ಅಡ್ಯಂತಾಯ ಮೊದಲಾದ ಹೆಸರುಗಳೂ ಇವೆ. ವ್ಯಾಪಾರದ ಬಿರುದು ಅವರಿಗೆ ಹೇಗೆ ಬಂತು ಎಂಬ ಪ್ರಶ್ನೆ ಸಹಜ. ಪದದ ಮೊದಲ ಅರ್ಥ 'ವ್ಯಾಪಾರಿ' ಅಲ್ಲ, 'ಮುಂದಾಳು' ಎಂಬುದನ್ನು ನೆನೆದರೆ ಆಶ್ಚರ್ಯವಿರುವುದಿಲ್ಲ ಎಂದು ನಮ್ಮ ಎಣಿಕೆ. ಊರಿನ ಮುಖ್ಯಸ್ಥನಿಗೆ ಹೆಗ್ಗಡೆ ಎಂಬ ಮಾತು ಸಂದಂತೆ ಸೆಟ್ಟಿ ಎಂಬ ಮಾತೂ ಸಂದಿರಬೇಕು. ಅದಲ್ಲದೆ ಕರಾವಳಿಯ ಬಂದರುಗಳೂ ಹತ್ತಿರದಲ್ಲಿದ್ದವು. ಕುಂದಾಪುರದ ಬಳಿಯ ಬಸರೂರಿನಲ್ಲಿ ಅಕ್ಕಿಯ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಸೆಟ್ಟಿಗಳು ೧೬ನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ಸುಲಭವಾಗಿ ಬಗ್ಗಲಿಲ್ಲ. ಪೋರ್ಚುಗೀಸರು ಈ ಕರಾವಳಿಗಳಲ್ಲಿ ಕಂಡ ಚೆಟ್ಟಿ-ಸೆಟ್ಟಿಗಳನ್ನು 'ಚಾಟಿಂ' ಎಂದು ಕರೆದರು. ಪದ ಅವರ ಭಾಷೆಗೇ ಸೇರಿ, ಲಾಭಬಡುಕ ವ್ಯಾಪಾರಿ ಎಂಬ ಹೀನಾರ್ಥವನ್ನೂ ಪಡೆಯಿತು. ಪೈಪೋಟಿಯಲ್ಲಿ ಸೋತವರು ಎದುರಾಳಿಗೆ ಇಡುವ ಹೆಸರು ಹೀಗೆಯೇ ಇರುತ್ತದೆ.

ಇಲ್ಲಿ ಮತ್ತೊಂದು ಮಾತನ್ನು ಗಮನಿಸಬೇಕು. ಬಂಟರದು ಅಳಿಯಸಂತಾನದ ಕಟ್ಟು. ಆಸ್ತಿಯೂ ಕುಟುಂಬವೂ ತಾಯಿಯ ಕಡೆಯಿಂದ ಇಳಿಯುತ್ತಿದ್ದವು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಬಳಿಕ ಆಸ್ತಿಯ ರೀತಿ ಬದಲಾದರೂ, ವಿವಾಹದ ಮಾತುಕತೆಯಲ್ಲಿ 'ಬಳಿ' ಇಂದಿಗೂ ತಾಯಿಯದೇ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಇಬ್ಬರು ಶೆಟ್ಟಿಗಳೊಳಗೆ ಸಂಬಂಧ ಕೂಡುವುದೋ ಇಲ್ಲವೋ ಎಂಬುದನ್ನು ಅಡ್ಡಹೆಸರು ಹೇಳಲಾರದು, ಬಳಿ ಹೇಳುತ್ತದೆ. ಅಡ್ಡಹೆಸರು ತಂದೆಯಿಂದ ಮಗನಿಗೆ ಬರುವ ಕುಲದ ಗುರುತು ಎಂದು ನಂಬಿದ ಇಲ್ಲಿನ ಗುಮಾಸ್ತರಿಗೆ ಇದನ್ನು ತಿಳಿಸುವುದು ಕಷ್ಟ. ಕೋಪರಖೈರಣೆಯ ಮೂಲನಿವಾಸಿಗಳಾದ ಆಗ್ರಿ ಮತ್ತು ಕೋಳಿ ಜನರಲ್ಲಿ ಪಾಟೀಲ, ಮ್ಹಾತ್ರೆ, ಭೋಯಿರ್ ಎಂಬವು ತಂದೆಯಿಂದಲೇ ಬರುತ್ತವೆ; ಅವರ ಅನುಭವ ಅದು.

ಆದರೆ ಈ ಜನರೂ ನಮ್ಮ ಪದಕ್ಕೆ ಹೊರಗಿನವರಲ್ಲ. ಠಾಣೆ, ರಾಯಗಡದ ಹಳ್ಳಿಗಳಲ್ಲಿ ಮರ್ಯಾದಸ್ಥನ ಹೆಸರಿಗೆ 'ಶೇಠ್' ಸೇರಿಸುವ ವಾಡಿಕೆ ಈಗಲೂ ಇದೆ. ಮುಂಬಯಿ ನಗರದ ಹಿರಿಯರಾದ ನಾನಾ ಶಂಕರಶೇಠರ (೧೮೦೩-೧೮೬೫) ಮನೆತನದ ಹೆಸರು ಮುರ್ಕುಟೆ. ತಂದೆಯ ಹೆಸರಾದ ಶಂಕರಕ್ಕೆ ಶೇಠ್ ಸೇರಿ ಅದೇ ಅಡ್ಡಹೆಸರಾಗಿ ನಿಂತಿತು. ಅವರು ನಿರ್ದೇಶಕರಲ್ಲಿ ಒಬ್ಬರಾಗಿದ್ದ ರೈಲ್ವೆ ಕಂಪನಿಯೇ ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿಯನ್ನು ಓಡಿಸಿದ್ದು. ಸೇಠ್, ಶೇಠ್, ಶೆಟ್ಟಿ ಮೂರೂ ಒಂದೇ ಪದ. ಹೋಟೆಲಿನ ಹುಡುಗರು ಯಜಮಾನರನ್ನು 'ಶೆಟ್ಟಿ ಸೇಠ್' ಎಂದು ಕೂಗುವಾಗ ಒಂದೇ ಬಿರುದನ್ನು ಎರಡು ಸಾರಿ ಕೊಡುತ್ತಾರೆ. ಪಗಾರ ಒಂದೇ ಸಾರಿ ಸಿಗುತ್ತದೆ, ಅದು ಬೇರೆ ಮಾತು.

ದೇಶದಲ್ಲಿ ಇದರ ಹರವು ದೊಡ್ಡದು. ಗುಜರಾತಿನಲ್ಲಿ ಶೇಠ್, ಪಂಜಾಬಿನಲ್ಲಿ ಸೇಠಿ, ತೆಲುಗರಲ್ಲಿ ಶೆಟ್ಟಿ, ತಮಿಳರಲ್ಲಿ ಚೆಟ್ಟಿ, ಗೌರವದಿಂದ ಚೆಟ್ಟಿಯಾರ್. ಬರ್ಮಾ, ಮಲಯಗಳಲ್ಲಿ ಲೇವಾದೇವಿ ನಡೆಸಿದ ನಾಟ್ಟುಕೋಟ್ಟೈ ಚೆಟ್ಟಿಯಾರರು, ದಕ್ಷಿಣ ಆಫ್ರಿಕದ ನೆಟಾಲಿನ ಚೆಟ್ಟಿಗಳು, ಸಿಂಹಳದ ಹೆಟ್ಟಿಆರಚ್ಚಿಗಳು ಎಲ್ಲರೂ ಈ ಬಳ್ಳಿಯವರೇ. ನೇಪಾಳದ ನೇವಾರರಲ್ಲಿ 'ಶ್ರೇಷ್ಠ' ಎಂದು ಪೂರ್ಣ ಸಂಸ್ಕೃತ ರೂಪದಲ್ಲಿಯೇ ಬರೆಯುವವರಿದ್ದಾರೆ. ಹೆಸರು ಒಂದಾದ ಮಾತ್ರಕ್ಕೆ ರಕ್ತ ಒಂದಲ್ಲ; ಇದೊಂದು ಹುದ್ದೆಯ ಹೆಸರು, ಬೇಕಾದವರು ಬೇಕಾದ ಕಾಲದಲ್ಲಿ ಪಡೆದರು. ಮನೆ ಬಾಡಿಗೆಗೆ ಕೊಡುವಾಗ "ಯಾವ ಶೆಟ್ಟಿ?" ಎಂದು ಕೇಳಿ ಜಾತಿ ಅಳೆಯುವವರು ಇಷ್ಟೆಲ್ಲ ಊರುಗಳನ್ನು ಸುತ್ತಿ ಬರಬೇಕಾಗುತ್ತದೆ.

ಈಗ ಐದನೆಯವನ ಮಾತು. ಹಳೆ ಮೈಸೂರಿನ ದಕ್ಷಿಣ ಭಾಗದಲ್ಲಿ ಉಪ್ಪಾರ, ಗಾಣಿಗ ಮೊದಲಾದ ಸಮಾಜಗಳಲ್ಲಿ ಮಾದಶೆಟ್ಟಿ, ಸಿದ್ದಶೆಟ್ಟಿ, ರಂಗಶೆಟ್ಟಿ ಎಂದು ಹೆಸರಿಡುತ್ತಾರೆ. ಚಾಮರಾಜನಗರದಿಂದ ವಿಧಾನಸಭೆಗೆ ಆಯ್ಕೆಯಾದ ಸಿ. ಪುಟ್ಟರಂಗಶೆಟ್ಟಿಯವರ ಹೆಸರನ್ನು ನೋಡಿ: ಮುಂದೆ ಒಂದು ಅಕ್ಷರ, ಹಿಂದೆ ಒಂದೇ ಪದ. ಅಲ್ಲಿ ಶೆಟ್ಟಿಯು ಅಪ್ಪ, ಅಯ್ಯ, ಗೌಡ ಎಂಬಂತೆ ಹೆಸರಿಗೆ ಅಂಟಿದ ಬಾಲ. ಅದನ್ನು ಕತ್ತರಿಸಿದರೆ ಉಳಿಯುವುದು ಅವನನ್ನು ಅಮ್ಮ ಕರೆಯುವ ಹೆಸರಲ್ಲ.

ಮಹಾರಾಷ್ಟ್ರದ ಅರ್ಜಿಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆಗಳಿರುತ್ತವೆ. ನಮ್ಮಲ್ಲಿ ಅನೇಕರಿಗೆ ಮೂರನೆಯದು ಹುಟ್ಟಿನಿಂದ ಇಲ್ಲ. ಇಲ್ಲದಿದ್ದರೆ ಹೆಸರನ್ನು ಮುರಿದು ತುಂಬಬೇಡಿ, ಬೇರೆಯವರಿಗೆ ತುಂಬಲು ಬಿಡಬೇಡಿ. ಆಧಾರ್ ಚೀಟಿಯಲ್ಲಿ ಅಕ್ಷರ ಹೇಗಿದೆಯೋ ಹಾಗೆಯೇ, ಕೊನೆಯಲ್ಲಿ ವೈ ಇದ್ದರೆ ವೈ, ಐ ಇದ್ದರೆ ಐ ಎಂದು ಎಲ್ಲ ಕಡೆಯೂ ಬರೆಯಿಸಿ. ಭವಿಷ್ಯನಿಧಿಯ ದಾಖಲೆಯಲ್ಲಿ ತಪ್ಪಾಗಿದ್ದರೆ ಕೆಲಸಗಾರ ಮತ್ತು ಮಾಲಕ ಇಬ್ಬರೂ ಕೂಡಿ ಸಲ್ಲಿಸುವ ಸಂಯುಕ್ತ ಘೋಷಣೆಯಿಂದ ಅದನ್ನು ತಿದ್ದಿಸಬಹುದು. ಕೆಲಸ ಬಿಡುವ ಮೊದಲೇ ಮಾಡಿಸಿಕೊಂಡರೆ ಅಲೆದಾಟ ಕಡಿಮೆ. ನಮ್ಮ ಹುಡುಗನು ಗುತ್ತಿಗೆದಾರನ ಸಹಿಗಾಗಿ ಆರು ಸಾರಿ ಹೋಗಬೇಕಾಯಿತು. ಕೊನೆಗೆ ಸಹಿ ದೊರೆಯಿತು, ಕಾಗದ ಹೋಗಿದೆ. ಹಣ ಇನ್ನೂ ಬಂದಿಲ್ಲ. ಊರಿನ ಗೋಡೆಗೆ ಸದ್ಯ ತಗಡು ಒರಗಿಸಿದ್ದಾರಂತೆ.

ಶೆಟ್ಟಿಯ ಬೇರೆ ರೂಪಗಳು ನಿಮ್ಮ ಊರಿನ ಕಡೆ ಬಳಕೆಯಲ್ಲಿದ್ದರೆ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಅದಕ್ಕಾಗಿ ನಾಲ್ಕು ಹಾಳೆಗಳನ್ನು ಖಾಲಿ ಬಿಟ್ಟಿದ್ದೇವೆ. ಮುಂದಿನ ಸಂಚಿಕೆಗೆ ಕುಲಕರ್ಣಿಯನ್ನು ಎತ್ತಿಕೊಳ್ಳುವ ಯೋಚನೆಯಿದೆ.